ಗಜಕರ್ಣದ ಕ್ಯಾಪ್ಸೂಲ್ ಮತ್ತು ನನ್ನ ಮಾತ್ರೆ ಡಬ್ಬಿ

ಕಲಬುರಗಿಯಲ್ಲಿ ಮೆಡಿಕಲ್ ಅಂಗಡಿ ನಡೆಸುವವನಿಗೆ ಗಜಕರ್ಣ ಹೊಸದಲ್ಲ. ಬಿಸಿಲು 42 ಡಿಗ್ರಿ ದಾಟಿತೆಂದರೆ ಕೌಂಟರ್ ಮುಂದೆ ಸಂಕೋಚದಿಂದ ನಿಲ್ಲುವವರು ಜಾಸ್ತಿಯಾಗುತ್ತಾರೆ. ದಾಲ್ ಮಿಲ್‌ನವರು, ಆಟೋದವರು, ಹಾಸ್ಟೆಲ್ ಹುಡುಗರು. "ದಾದ್ ಕಾ ಟ್ಯೂಬ್ ದೇವ್" ಅಂತ ಒಬ್ಬರು, "ಗಜಕರ್ಣಕ್ಕ ಛಲೋ ಗುಳಿಗಿ ಕೊಡ್ರಿ" ಅಂತ ಇನ್ನೊಬ್ಬರು. ಕಳೆದ ಬೇಸಿಗೆಯಲ್ಲಿ ಅದು ನನಗೇ ಬಂತು. ಮೊದಲು ಬೆಲ್ಟ್ ಕಟ್ಟುವ ಜಾಗದಲ್ಲಿ, ಆಮೇಲೆ ತೊಡೆಸಂದಿಯಲ್ಲಿ.

ಅಂಗಡಿ ನನ್ನದೇ, ಕೈ ಚಾಚಿದರೆ ಔಷಧಿ. ಆದರೂ ಚರ್ಮದ ಡಾಕ್ಟರ ಹತ್ತಿರ ಹೋದೆ. ಕಾರಣ ನನ್ನ ಮಾತ್ರೆ ಡಬ್ಬಿ. ಬಿಪಿಗೆ ಆಮ್ಲೋಡಿಪಿನ್, ಶುಗರ್‌ಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮಿಪಿರೈಡ್, ಕೊಲೆಸ್ಟರಾಲ್‌ಗೆ ಅಟೋರ್ವಾಸ್ಟಾಟಿನ್, ಬೆಳಗ್ಗೆ ಎದ್ದ ಕೂಡಲೇ ಪ್ಯಾಂಟೊಪ್ರಜೋಲ್, ಅದೇ ನಮ್ಮ 'ಗ್ಯಾಸ್ ಗುಳಿಗೆ'. ಐವತ್ತು ದಾಟಿದವರ ಮನೆಯಲ್ಲಿ ಹೆಚ್ಚುಕಡಿಮೆ ಇದೇ ಡಬ್ಬಿ ಇರುತ್ತದೆ. ಫಂಗಸ್ ಗುಳಿಗೆಯ ತಂಟೆ ಬಹಳ ಸಲ ಶುರುವಾಗುವುದು ಇಂಥ ಗುಳಿಗೆಗಳ ಜೊತೆ ಸೇರಿದಾಗಲೇ. ಅದಕ್ಕೇ ಸ್ಟ್ರಿಪ್‌ಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಹೆಸರು ಬಾಯಲ್ಲಿ ಹೇಳುವುದಕ್ಕಿಂತ ಸ್ಟ್ರಿಪ್ ತೋರಿಸುವುದೇ ವಾಸಿ.

ಡಾಕ್ಟರು ಮೊದಲು ಕಲೆಯ ಅಂಚಿನಿಂದ ಚರ್ಮದ ಪುಡಿ ಕೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಫಂಗಸ್ ಎಳೆಗಳು ಕಂಡವು. ದುಬಾರಿ ಪರೀಕ್ಷೆ ಅಲ್ಲ, ಹೊತ್ತೂ ಹಿಡಿಯುವುದಿಲ್ಲ. ಆದರೆ ಬಹಳ ಮುಖ್ಯ. ಸೋರಿಯಾಸಿಸ್, ಇಸುಬು ಕೂಡ ಕೆಂಪಗೆ ಗುಂಡಗೆ ಕಾಣುವುದುಂಟು. ಅದಕ್ಕೆ ಫಂಗಸ್ ಗುಳಿಗೆ ನುಂಗಿದರೆ ಲಿವರ್‌ಗೆ ಸುಮ್ನೆ ಕೆಲಸ.

ಆಮೇಲೆ ಯಾವ ಗುಳಿಗೆ ಎಂಬ ಮಾತು ಬಂತು. ಟರ್ಬಿನಾಫಿನ್ ಮೊದಲೆಲ್ಲ ಒಳ್ಳೆ ಕೆಲಸ ಮಾಡುತ್ತಿತ್ತು. ಈಗ ನಮ್ಮ ದೇಶದಲ್ಲಿ ಹಬ್ಬಿರುವ ಫಂಗಸ್ ಅದಕ್ಕೆ ಎಷ್ಟೋ ಸಲ ಬಗ್ಗುವುದಿಲ್ಲ. 2020ರಲ್ಲಿ ಆ ಫಂಗಸ್ಸಿಗೆ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ಹೆಸರಿನಲ್ಲೇ ಇಂಡಿಯಾ ಇದೆ, ಹೆಮ್ಮೆ ಪಡುವ ವಿಷಯವೇನಲ್ಲ. ಇನ್ನು ಫ್ಲುಕೊನಜೋಲ್. ಅದು ಗ್ಲಿಮಿಪಿರೈಡ್ ಮೈಯಿಂದ ಬೇಗ ಹೋಗದಂತೆ ತಡೆಯುತ್ತದೆ, ಶುಗರ್ ದಿಢೀರ್ ಇಳಿಯಬಹುದು. ಶುಗರ್ ಇರುವವರು ಸ್ವಂತವಾಗಿ ಫ್ಲುಕೊನಜೋಲ್ ಕೊಂಡು ನುಂಗುವುದು ನೋಡಿದರೆ ನನಗೆ ಭಯ. ಕೊನೆಗೆ ಇಟ್ರಾಕೊನಜೋಲ್ ಬರೆದರು. ಅದನ್ನು ಬರೆದ ಮೇಲೂ ಶುಗರ್ ಮೇಲೆ ಕಣ್ಣಿಡಲು ಹೇಳಿದರು. ಮನೆಯ ಮಷೀನಿನಲ್ಲಿ ಆಗಾಗ ನೋಡಿಕೊಳ್ಳುತ್ತಿದ್ದೆ, ಜೇಬಿನಲ್ಲಿ ಬೆಲ್ಲದ ತುಂಡು.

ಇಟ್ರಾಕೊನಜೋಲ್‌ಗೆ ಒಂದು ಸ್ವಭಾವ ಇದೆ. ಲಿವರಿನಲ್ಲಿ ಬೇರೆ ಔಷಧಿಗಳನ್ನು ಕರಗಿಸಿ ಹೊರಗೆ ಹಾಕುವ ಒಂದು ಕಿಣ್ವವನ್ನು ಅದು ಕಟ್ಟಿಹಾಕುತ್ತದೆ. ಆಗ ಅಟೋರ್ವಾಸ್ಟಾಟಿನ್ ರಕ್ತದಲ್ಲಿ ಜಮಾ ಆಗುತ್ತ ಹೋಗುತ್ತದೆ. ಮೈಕೈ ನೋವಿನಿಂದ ಶುರುವಾಗಿ ಸ್ನಾಯುಗಳೇ ಹಾಳಾಗುವವರೆಗೂ ಹೋಗಬಹುದು. ಕೊಲೆಸ್ಟರಾಲ್‌ನದೇ ಇನ್ನೊಂದು ಗುಳಿಗೆ ಸಿಮ್ವಾಸ್ಟಾಟಿನ್ ಇದ್ದರಂತೂ ಜೊತೆಗೆ ಕೊಡಲೇಬಾರದು. ನನಗೆ ಕೋರ್ಸ್ ಮುಗಿಯುವವರೆಗೆ ರೋಸುವಾಸ್ಟಾಟಿನ್‌ಗೆ ಬದಲಿಸಿದರು. ಆಮ್ಲೋಡಿಪಿನ್ ಕೂಡ ಇದೇ ದಾರಿಯಲ್ಲಿ ಏರುತ್ತದೆ. ಅದಕ್ಕೆ ಸಂಜೆ ಹೊತ್ತು ಪಾದದ ಗಂಟು ಒತ್ತಿ ನೋಡು, ಬಾವು ಬಂದರೆ, ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ಇಟ್ರಾಕೊನಜೋಲ್ ನಿಲ್ಲಿಸಿ ತಕ್ಷಣ ಬಾ ಅಂದರು. ಇಟ್ರಾಕೊನಜೋಲ್ ಹೃದಯದ ಪಂಪ್ ಶಕ್ತಿಯನ್ನೇ ಸ್ವಲ್ಪ ತಗ್ಗಿಸಬಲ್ಲದು. ಹಾರ್ಟ್ ಫೇಲ್ಯೂರ್ ಆದವರಿಗೆ ಚರ್ಮದ, ಉಗುರಿನ ಫಂಗಸ್ಸಿಗೆಂದು ಇದನ್ನು ಕೊಡುವುದಿಲ್ಲ.

ಉಳಿದದ್ದು ಗ್ಯಾಸ್ ಗುಳಿಗೆ. ಅರ್ಧ ಊರು ಎಡವುವುದು ಇಲ್ಲೇ. ಇಟ್ರಾಕೊನಜೋಲ್ ಕ್ಯಾಪ್ಸೂಲ್ ಕರಗಲು ಹೊಟ್ಟೆಯಲ್ಲಿ ಹುಳಿ ಬೇಕು. ಪ್ಯಾಂಟೊಪ್ರಜೋಲ್ ಆ ಹುಳಿಯನ್ನೇ ಬತ್ತಿಸುತ್ತದೆ. ಎರಡನ್ನೂ ಒಟ್ಟಿಗೆ ನಡೆಸಿದರೆ ಕ್ಯಾಪ್ಸೂಲ್ ಮೈಗೆ ಹತ್ತುವುದು ಕಡಿಮೆ. ರೋಗಿ "ಗುಳಿಗಿ ನಾಟಲಿಲ್ಲ" ಅಂತಾನೆ, ಡೋಸ್ ಏರುತ್ತದೆ, ದುಡ್ಡು ಹೋಗುತ್ತದೆ. ಡಾಕ್ಟರನ್ನು ಕೇಳಿಯೇ ನಾನು ಪ್ಯಾಂಟೊಪ್ರಜೋಲ್ ನಿಲ್ಲಿಸಿದೆ. ಅಲ್ಸರ್ ಇದ್ದವರು, ರಕ್ತ ತೆಳು ಮಾಡುವ ಗುಳಿಗೆ ತಿನ್ನುವವರು ಹೀಗೆ ತಾವೇ ನಿಲ್ಲಿಸಬಾರದು. ಎದೆ ಉರಿದಾಗ ಮಾತ್ರ ಆಂಟಾಸಿಡ್ ಜೆಲ್ ಕುಡಿಯುತ್ತಿದ್ದೆ. ಅದೂ ಕ್ಯಾಪ್ಸೂಲ್ ನುಂಗಿ 2 ಗಂಟೆ ಕಳೆದ ಮೇಲೆ. ಖಾರದ ಹಿಂಡಿ ಬಿಟ್ಟಿದ್ದರೆ ಅದೂ ಬೇಕಾಗುತ್ತಿರಲಿಲ್ಲ ಅಂತ ಹೆಂಡತಿ ಹೇಳಿದಳು. ಬಿಡಲಿಲ್ಲ.

ನುಂಗುತ್ತಿದ್ದದ್ದು ಹೊಟ್ಟೆ ತುಂಬ ರೊಟ್ಟಿ ಪಲ್ಯ ಊಟವಾದ ಕೂಡಲೇ. ಎರಡು ಬಿಸ್ಕತ್ತು ತಿಂದು ನುಂಗುವುದು ಊಟದ ಲೆಕ್ಕಕ್ಕೆ ಬರುವುದಿಲ್ಲ. ಕ್ಯಾಪ್ಸೂಲ್ ಒಡೆಯುವುದು, ಒಳಗಿನ ಸಣ್ಣ ಗುಂಡು ಅಗಿಯುವುದು ಬೇಡ. ರೋಜಾ ಹಿಡಿಯುವವರು ಅಂಗಡಿಗೆ ಬಂದು ಕೇಳಿದರೆ ಇಫ್ತಾರ್ ನಂತರದ ಪೂರ್ತಿ ಊಟದ ಜೊತೆ ತಗೊಳ್ಳಿ, ಖರ್ಜೂರದ ಜೊತೆಗಲ್ಲ ಅಂತೀನಿ. ದಿನಕ್ಕೆ ಎರಡು ಸಲ ಬರೆದಿದ್ದರೆ ಇನ್ನೊಂದು ಸಹರಿ ಊಟದ ಜೊತೆ. ಕೋಲಾ ಜೊತೆ ನುಂಗಿದರೆ ಒಳ್ಳೆಯದು ಅನ್ನುವ ಮಾತಿದೆ. ಹೊಟ್ಟೆಯ ಹುಳಿ ಕಡಿಮೆ ಇರುವವರಿಗೆ ಅದು ನಿಜ. ಶುಗರ್ ಇರುವ ನನಗೆ ಆ ದಾರಿ ಬೇಡ ಅಂದರು.

ಶುರು ಮಾಡುವ ಮುಂಚೆ ಲಿವರ್ ಪರೀಕ್ಷೆ ಮಾಡಿಸಿದ್ದೆ, ತಿಂಗಳ ನಂತರ ಮತ್ತೊಮ್ಮೆ. ಎಸ್‌ಜಿಒಟಿ, ಎಸ್‌ಜಿಪಿಟಿ ಎರಡೂ ಮಿತಿಯೊಳಗೇ ಇದ್ದವು. ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ಊಟ ಸೇರದೆ ವಾಕರಿಕೆ ಬಂದರೆ ರಿಪೋರ್ಟಿಗೆ ಕಾಯದೆ ನಿಲ್ಲಿಸಿ ಡಾಕ್ಟರ ಹತ್ತಿರ ಓಡಬೇಕು. ಬಿಸಿಲಲ್ಲಿ ನೀರು ಕಡಿಮೆ ಕುಡಿದರೂ ನಮ್ಮ ಕಡೆ ಮೂತ್ರ ಹಳದಿಯೇ. ಹಾಗಾಗಿ ನೀರು ಕುಡಿದ ಮೇಲೂ ಬಣ್ಣ ತಿಳಿಯಾಗುತ್ತಾ ಅಂತ ನೋಡಿಕೊಳ್ಳುತ್ತಿದ್ದೆ.

ಮುಲಾಮು ಲುಲಿಕೊನಜೋಲ್, ದಿನಕ್ಕೊಮ್ಮೆ. ಸ್ನಾನವಾಗಿ ಮೈ ಪೂರ್ತಿ ಒಣಗಿದ ಮೇಲೆ, ಕಲೆಯ ಅಂಚಿನಿಂದ 2 ಸೆಂಟಿಮೀಟರ್ ಆಚೆಯವರೆಗೂ. ತುರಿಕೆ ನಿಂತ ದಿನ ಟ್ಯೂಬ್ ಎಸೆಯಬಾರದು. ಕಲೆ ಹೋದ ಮೇಲೂ 2 ವಾರ ಹಚ್ಚಲು ಡಾಕ್ಟರು ಹೇಳಿದ್ದರು, ಹಚ್ಚಿದೆ.

ನನಗೆ ಸಿಟ್ಟು ಬರುವುದು ಮಿಕ್ಸ್ ಟ್ಯೂಬ್‌ಗಳ ಮೇಲೆ. ಫಂಗಸ್ ಔಷಧಿ, ಆಂಟಿಬಯಾಟಿಕ್, ಜೊತೆಗೆ ಕ್ಲೋಬೆಟಸೋಲ್ ಅಥವಾ ಬೀಟಾಮೆಥಸೋನ್ ಎಂಬ ಸ್ಟಿರಾಯ್ಡ್, ಎಲ್ಲ ಒಂದೇ ಟ್ಯೂಬಿನಲ್ಲಿ. ಸ್ಟಿರಾಯ್ಡ್ ಮೊದಲ ರಾತ್ರಿಯೇ ತುರಿಕೆ ಇಳಿಸುತ್ತದೆ, ಅದಕ್ಕೇ ಜನ ಅದನ್ನೇ ಕೇಳುತ್ತಾರೆ. ಆದರೆ ಅದು ಚರ್ಮದ ಎದುರೇಟನ್ನು ತಗ್ಗಿಸುತ್ತದೆ, ಫಂಗಸ್ ಸದ್ದಿಲ್ಲದೆ ಹರಡುತ್ತದೆ. ಗುಂಡನೆಯ ಅಂಚು ಮಾಸಿ ಡಾಕ್ಟರಿಗೂ ಗುರುತು ಸಿಗದಂತಾಗುತ್ತದೆ. ತೊಡೆಸಂದಿಯ ತೆಳು ಚರ್ಮದಲ್ಲಿ ಬಿಳಿ ಬಿರುಕು ಬಿದ್ದರೆ ಅವು ಹೋಗುವುದಿಲ್ಲ. 2018ರಲ್ಲಿ ಸರ್ಕಾರ ಚರ್ಮಕ್ಕೆ ಹಚ್ಚುವ 14 ಸ್ಟಿರಾಯ್ಡ್‌ಗಳನ್ನು ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಚೀಟಿ ಕೇಳಿದರೆ ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾರೆ. ಹೋಗಲಿ.

ಮನೆಯವರನ್ನೆಲ್ಲ ಒಟ್ಟಿಗೇ ತೋರಿಸಿದೆ. ಒಬ್ಬರಿಗೆ ವಾಸಿಯಾಗುವ ಹೊತ್ತಿಗೆ ಇನ್ನೊಬ್ಬರಿಂದ ವಾಪಸ್ ಬರುತ್ತದೆ, ಅಲ್ವಾ? ಟವೆಲ್ ಬೇರೆ ಬೇರೆ ಮಾಡಿದೆವು, ಒಳಬಟ್ಟೆ ಬಿಸಿ ನೀರಲ್ಲಿ ಒಗೆದು ತಿರುವಿ ಹಾಕಿ ಮಾಳಿಗೆ ಮೇಲೆ ಒಣಗಿಸಿದೆವು. ಅದಕ್ಕಾದರೂ ಕಲಬುರಗಿ ಬಿಸಿಲು ಉಪಯೋಗಕ್ಕೆ ಬಂತು. ಅಪ್ಪನ ತೋಳಲ್ಲಿ ಒಂದು ಸಣ್ಣ ಕಲೆ ಇತ್ತು. ಅವರ ಹೃದಯ ವೀಕ್, ಅದಕ್ಕೆ ಮೆಟೊಪ್ರೊಲಾಲ್ ಗುಳಿಗೆ ನಡೆಯುತ್ತಿದೆ. ಅವರಿಗೆ ಇಟ್ರಾಕೊನಜೋಲ್ ಆಗದು. ಟರ್ಬಿನಾಫಿನ್ ಗುಳಿಗೆ ಕೊಟ್ಟರೆ ಮೆಟೊಪ್ರೊಲಾಲ್ ಏರಿ ನಾಡಿ ನಿಧಾನವಾಗಬಹುದು. ಕಲೆ ಒಂದೇ ಇದ್ದದ್ದರಿಂದ ಬರೀ ಮುಲಾಮಿನಲ್ಲೇ ವಾಸಿ ಮಾಡಿದರು.

ಆಗಲೇ ತಂಗಿಯ ಮಗಳು ಆಳಂದದಿಂದ ಫೋನ್ ಮಾಡಿದಳು. "ಮಾಮಾ, ನಿಮಗ ಕಡಿಮಿ ಆಗ್ಯಾದಲ್ಲ, ಅದೇ ಗುಳಿಗಿ ನನಗೂ ಕಳಸ್ರಿ." ಅವಳಿಗೆ ಐದನೇ ತಿಂಗಳು. ಬಸಿರಲ್ಲಿ ಗಜಕರ್ಣಕ್ಕೆ ಆ ಕ್ಯಾಪ್ಸೂಲ್ ಕೊಡುವುದಿಲ್ಲ ಎಂದು ಹೇಳಿ, ಅವಳನ್ನು ನೋಡುವ ಡಾಕ್ಟರ ಹತ್ತಿರವೇ ಕಳಿಸಿದೆ. ಅವರು ಕ್ಲೋಟ್ರಿಮಜೋಲ್ ಮುಲಾಮು ಬರೆದುಕೊಟ್ಟರು. ಚೀಟಿಯ ಫೋಟೋ ವಾಟ್ಸಾಪ್‌ನಲ್ಲಿ ಬಂತು, ನೋಡಿ "ಹಚ್ಚು" ಅಂದೆ.