ಎರಡು ಪ್ರತಿ, ಒಂದು ಸೀಲು

ಕುಷ್ಟಗಿ ತಾಲ್ಲೂಕಿನ ಹನ್ನೆರಡು ಜನ ಅಂಗವಿಕಲರಿಗೆ ಹಕ್ಕು ಕೇಳುವ ತರಬೇತಿ ಕೊಡಲು ಹೊರಟಾಗ, ಮೊದಲ ದಿನವೇ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಿಚ್ಚಿ ಕೂತೆ. 1995ರ ಕಾಯ್ದೆಯಲ್ಲಿ 7 ಬಗೆ ಅಂಗವೈಕಲ್ಯ ಇತ್ತು, ಈಗ 21, ಸರ್ಕಾರಿ ನೌಕರಿಯಲ್ಲಿ ಶೇ. 4 ಮೀಸಲಾತಿ... ಮಧ್ಯಾಹ್ನಕ್ಕೆ ಅರ್ಧ ಜನ ತೂಕಡಿಸುತ್ತಿದ್ದರು. ಒಬ್ಬ ಅಕ್ಕ ಮಾತ್ರ ಕೇಳಿದರು: "ಅಣ್ಣಾರ, ನನ್ನ ಪಿಂಚಣಿ ನಾಕ್ ತಿಂಗಳಾತು ಬಂದಿಲ್ಲ. ಯಾರನ್ನ ಕೇಳ್ಲಿ?"

ಮರುದಿನ ಕಾಯ್ದೆ ಚೀಲದಲ್ಲೇ ಉಳಿಯಿತು. ಮೇಜು ಹಾಕಿ ನಾನೇ ಸಾಹೇಬನಾಗಿ ಕೂತೆ. ಅವರು ಅರ್ಜಿ ಹಿಡಿದು ಬರಬೇಕು, ನಾನು ಮೊಬೈಲ್ ನೋಡುತ್ತಾ "ನಾಳೆ ಬಾ" ಅನ್ನಬೇಕು. ನಾನೂ ಪೋಲಿಯೊ ಆದವನು. ಈ ಡೈಲಾಗ್ ಕೇಳಿ ಕೇಳಿ ಬಾಯಿಪಾಠ ಆಗಿತ್ತು! ಎಲ್ಲರೂ ಅರ್ಜಿ ಕೊಟ್ಟರು, ಕೈ ಮುಗಿದರು, ಹೋದರು. ಸ್ವೀಕೃತಿ ಕೇಳಿದವರು ಒಬ್ಬರೂ ಇಲ್ಲ.

ಗಂಟು ಇದ್ದದ್ದು ಅಲ್ಲೇ. ನಕಲಿನ ಮೇಲೆ ಸೀಲು, ಸಹಿ, ತಾರೀಖು ಇಲ್ಲ ಅಂದರೆ ಅರ್ಜಿ ಕೊಟ್ಟದ್ದೇ ಸುಳ್ಳಾಗುತ್ತದೆ. ಅದು ಕೈಯಲ್ಲಿದ್ದರೆ ಮುಂದೆ ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿ, ಹಾಕಬಹುದು. 10 ರೂಪಾಯಿ ಶುಲ್ಕ, ಬಿಪಿಎಲ್‌ನವರಿಗೆ ಅದೂ ಇಲ್ಲ, 30 ದಿನದಲ್ಲಿ ಉತ್ತರ ಕೊಡಬೇಕು. ಈ ಸ್ವೀಕೃತಿ ಆಟವನ್ನೇ ಮೂರು ದಿನ ಆಡಿದೆವು.

ಜೊತೆಗೆ ಬಂದ ಮನೆಯವರದ್ದು ಬೇರೆಯೇ ತಲೆನೋವು. ಕಿವಿ ಕೇಳದ ಒಬ್ಬ ಹುಡುಗಿಯನ್ನು ಏನು ಕೇಳಿದರೂ ಅವಳ ಅಣ್ಣನೇ ಉತ್ತರ ಕೊಡುತ್ತಿದ್ದ, "ಪಿಂಚಣಿ ಮಾಡಿಸ್ರಿ ಸಾಕು" ಅಂತ. ಅವನನ್ನು ಚಹಾ ತರಲು ಕಳಿಸಿ, ಹುಡುಗಿಯ ಕೈಗೆ ಹಾಳೆ ಕೊಟ್ಟೆ. ಅವಳು ಬರೆದದ್ದು ಹೊಲಿಗೆ ಯಂತ್ರದ ಚಿತ್ರ.

ಐದನೇ ದಿನ ಕಾಯ್ದೆ ತಾನಾಗಿಯೇ ಹೊರಗೆ ಬಂತು. "ಕುಂಟ್ಯಾ ಅಂತಾನೇ ಕರೀತಾರ್ರಿ ಸಂತ್ಯಾಗ" ಅಂದರು ಒಬ್ಬರು. 92ನೇ ಕಲಂ ಓದಿದೆ: ಜನರೆದುರು ಬೇಕಂತಲೇ ಅವಮಾನ ಮಾಡಿದರೆ 6 ತಿಂಗಳಿಂದ 5 ವರ್ಷ ಜೈಲು. ಆವತ್ತು ಯಾರೂ ತೂಕಡಿಸಲಿಲ್ಲ.

ಮುಂದಿನ ಗ್ರಾಮಸಭೆಗೆ ನಾನೂ ಹೋದೆ, ಸುಮ್ನೆ ಹಿಂದೆ ಕೂತೆ. ಆ ಪಿಂಚಣಿ ಅಕ್ಕ ಎದ್ದು, ಪಂಚಾಯಿತಿಯಲ್ಲಿ ಅಂಗವಿಕಲರಿಗೆ ಅಂತ ಇಡುವ ಶೇ. 5ರ ಹಣ ಎಲ್ಲಿ ಹೋಯಿತು ಅಂತ ಕೇಳಿದರು. "ಬರೆದು ಕೊಡವಾ, ನೋಡೋಣ" ಅಂದರು ಮೇಲೆ ಕೂತವರು. ಅಕ್ಕ ಚೀಲದಿಂದ ಎರಡು ಪ್ರತಿ ತೆಗೆದರು.

"ಇದು ನಿಮಗ್ರೀ. ಇದರ ಮ್ಯಾಲ ಸೀಲ್ ಹಾಕಿ ನನಗ ಕೊಡ್ರಿ."