ಟ್ರೇಲರ್‌ಗೆ ಜಾಕಿ ಕೊಡುವ ಮೊದಲು ನೆಲ ನೋಡಿ

ಕುಶಾಲನಗರದ ನಮ್ಮ ಗ್ಯಾರೇಜಿಗೆ ಬರುವ ಟ್ರೇಲರ್‌ಗಳಲ್ಲಿ ಹೆಚ್ಚಿನವಕ್ಕೆ ಮೂರೇ ಕಾಯಿಲೆ. ಹಬ್ (ಚಕ್ರದ ನಡುಭಾಗ) ಬಿಸಿಯಾಗಿ ಬೇರಿಂಗ್ ಹೋಗಿರುತ್ತದೆ, ಇಲ್ಲ ಸ್ಪ್ರಿಂಗ್ ಬ್ಲೇಡ್ ತುಂಡಾಗಿರುತ್ತದೆ, ಇಲ್ಲ ಒಳಗಿನ ಟಯರ್ ಹರಿದಿರುತ್ತದೆ. ಮೂರಕ್ಕೂ ಗಾಡಿ ಎತ್ತಲೇಬೇಕು. ಬೇರಿಂಗ್ ಹಾಕುವುದನ್ನು ಯಾರು ಬೇಕಾದರೂ ಆರು ತಿಂಗಳಲ್ಲಿ ಕಲಿಯುತ್ತಾರೆ. ಆದರೆ ಎತ್ತುವುದನ್ನು ಸರಿಯಾಗಿ ಹೇಳಿಕೊಡುವವರು ಕಡಿಮೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು, ದಾರಿಯಲ್ಲಿ ತಾವೇ ಚಕ್ರ ಬಿಚ್ಚುವ ಡ್ರೈವರ್‌ಗಳು ದಯವಿಟ್ಟು ಪೂರ್ತಿ ಓದಿ.

ಮೊದಲು ತೂಕದ ಲೆಕ್ಕ. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಆಕ್ಸಲ್ (ಎರಡು ಬದಿಯ ಚಕ್ರ ಕೂರುವ ಅಚ್ಚು) ಭಾರದ ಮಿತಿ ಏರಿಸಿತು. ಒಟ್ಟಿಗಿರುವ ಎರಡು ಆಕ್ಸಲ್‌ಗೆ 19 ಟನ್ ಇದ್ದದ್ದು 21 ಆಯಿತು, ಮೂರು ಆಕ್ಸಲ್‌ಗೆ 24 ಇದ್ದದ್ದು 27 ಆಯಿತು. ಅಂದರೆ ಲೋಡ್ ಇರುವ ಎರಡು ಆಕ್ಸಲ್ ಟ್ರೇಲರ್‌ನಲ್ಲಿ ಒಂದೊಂದು ಬದಿಯ ಜೋಡಿ ಚಕ್ರದ ಮೇಲೆ ಸುಮಾರು 5 ಟನ್ ಕೂತಿರುತ್ತದೆ. ಅದೂ ಗಾಡಿ ಸಮನಾಗಿ ನಿಂತಿದ್ದರೆ ಮಾತ್ರ. ಒಂದು ಕಡೆ ವಾಲಿದರೆ ಆ ಕಡೆ ಇನ್ನೂ ಜಾಸ್ತಿ. ಇನ್ನು ಆಕ್ಸಲ್ ಬಿಟ್ಟು ಚಾಸಿಯನ್ನೇ (ಗಾಡಿಯ ಕಬ್ಬಿಣದ ಚೌಕಟ್ಟು) ಒಂದು ಬದಿಯಿಂದ ಎತ್ತಿದರೆ 10 ಟನ್ ಮೇಲೆ ಬರುತ್ತದೆ. ಹಾಗಾಗಿ ಒಂದು ಚಕ್ರಕ್ಕೆ 20 ಟನ್ನಿನ ಬಾಟಲ್ ಜಾಕಿಗಿಂತ ಕಡಿಮೆ ಇಡಬೇಡಿ. ಚಾಸಿ ಎತ್ತಲು 50 ಟನ್ನಿನದು ಇರಲಿ. ಜಾಕಿಯ ಮೇಲೆ ಬರೆದ ತೂಕದ ಅರ್ಧಕ್ಕಿಂತ ಹೆಚ್ಚು ಹೊರಿಸುವುದಿಲ್ಲ ಅನ್ನುವುದು ನಮ್ಮ ಗ್ಯಾರೇಜಿನ ಲೆಕ್ಕ. ಸಾಧ್ಯವಾದರೆ ಲೋಡ್ ಇಳಿಸಿ. ಬೇರೆ ಗಾಡಿಗೆ ಲೋಡ್ ಬದಲಾಯಿಸಲು ಓನರ್ ಒಪ್ಪುವುದಿಲ್ಲ, ಗೊತ್ತು. ಆದರೆ ಆಕ್ಸಲ್ ಪೂರ್ತಿ ಹೊರಗೆ ತೆಗೆಯುವ ಕೆಲಸವಾದರೆ ಲೋಡ್ ಇಳಿಸದೆ ನಾನು ಕೈ ಹಾಕುವುದಿಲ್ಲ.

ಈಗ ನೆಲ. ಕೊಡಗಿನಲ್ಲಿ ಇದೇ ದೊಡ್ಡ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣು ಒಣಗುವುದೇ ಇಲ್ಲ. ಮೇಲೆ ಗಟ್ಟಿ ಕಾಣುತ್ತದೆ, ಎರಡು ಇಂಚು ಕೆಳಗೆ ಮುದ್ದೆ. ಬಾಟಲ್ ಜಾಕಿಯ ಬುಡ ಹೆಚ್ಚೆಂದರೆ 15 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ ಅಂತ ಇಟ್ಟುಕೊಳ್ಳಿ. 225 ಚದರ ಸೆಂಟಿಮೀಟರ್ ಆಯಿತು. ಅದರ ಮೇಲೆ 5 ಟನ್ ಹಾಕಿದರೆ ಪ್ರತಿ ಚದರ ಸೆಂಟಿಮೀಟರ್‌ಗೆ 22 ಕೆಜಿ. ಟ್ರೇಲರ್ ಟಯರ್‌ನಲ್ಲಿ 110 ಪೌಂಡ್ ಗಾಳಿ ಇದ್ದರೆ ಅದು ನೆಲವನ್ನು ಒತ್ತುವುದು ಸುಮಾರು 8 ಕೆಜಿಯ ಲೆಕ್ಕದಲ್ಲಿ. ಟಯರ್ ಹೂಳದ ಜಾಗದಲ್ಲೂ ಜಾಕಿ ಹೂಳುವುದು ಇದಕ್ಕೇ. ಅದೇ ಜಾಕಿ ಕೆಳಗೆ ಎರಡಡಿ ಉದ್ದ, ಎರಡಡಿ ಅಗಲದ ದಪ್ಪ ಕಬ್ಬಿಣದ ಪ್ಲೇಟ್ ಹಾಸಿದರೆ ಒತ್ತಡ ಒಂದೂವರೆ ಕೆಜಿಗಿಂತ ಕೆಳಗೆ ಇಳಿಯುತ್ತದೆ. ಪ್ಲೇಟ್ ಬಗ್ಗಬಾರದು, ಅದು ಮುಖ್ಯ. ತೆಳು ತಗಡು ಜಾಕಿಯ ಸುತ್ತ ಬಟ್ಟಲಿನ ಹಾಗೆ ಗುಳಿ ಬೀಳುತ್ತದೆ, ಅಂಥದ್ದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಪ್ಲೇಟ್ ಇಲ್ಲದಿದ್ದರೆ ಮರ. ನಮ್ಮಲ್ಲಿ ಮರದ ತುಂಡಿಗೆ ಬರವಿಲ್ಲ, ಅದೇ ತೊಂದರೆ. ಎಲ್ಲಿ ನೋಡಿದರೂ ಸಿಲ್ವರ್ ಓಕ್ ಮರದ ತುಂಡು ಬಿದ್ದಿರುತ್ತದೆ, ಕೈಗೆ ಸಿಕ್ಕಿದ್ದನ್ನು ಜಾಕಿ ಕೆಳಗೆ ತಳ್ಳುತ್ತಾರೆ. ಬೇಡ. ಸಿಲ್ವರ್ ಭಾರಕ್ಕೆ ಉದ್ದಕ್ಕೆ ಸೀಳುತ್ತದೆ. ಹಸಿ ತುಂಡಾದರೆ ಸಿಪ್ಪೆ ಜಾರುತ್ತದೆ. ಮತ್ತಿ ಮರದ ಚೌಕ ತುಂಡುಗಳನ್ನು ಮಿಲ್ಲಿನಲ್ಲಿ ಕೊಯ್ಯಿಸಿ ಇಟ್ಟುಕೊಳ್ಳಿ, ಒಂದೊಂದು ಎರಡಡಿ ಉದ್ದ, ಐದಾರು ಇಂಚು ದಪ್ಪ. ಒಮ್ಮೆ ಖರ್ಚು ಮಾಡಿದರೆ ವರ್ಷಗಟ್ಟಲೆ ಬರುತ್ತದೆ. ಒಂದರ ಮೇಲೆ ಒಂದು ಇಡುವಾಗ ಒಂದು ಸಾಲು ಉದ್ದಕ್ಕೆ, ಮುಂದಿನ ಸಾಲು ಅಡ್ಡಕ್ಕೆ ಇಡಿ. ಬುಡದ ಅಗಲಕ್ಕಿಂತ ಎತ್ತರ ಜಾಸ್ತಿ ಆಗಬಾರದು. ಇಟ್ಟಿಗೆ, ಸಿಮೆಂಟ್ ಬ್ಲಾಕ್, ಹಾಸುಗಲ್ಲು ಯಾವುದೂ ಬೇಡ. ಮರ ಒಡೆಯುವ ಮೊದಲು ಚಟಚಟ ಅನ್ನುತ್ತದೆ, ಓಡಲು ಒಂದು ಕ್ಷಣ ಸಿಗುತ್ತದೆ. ಸಿಮೆಂಟ್ ಬ್ಲಾಕ್ ಏನೂ ಹೇಳುವುದಿಲ್ಲ, ಒಂದೇ ಸಲ ಪುಡಿಯಾಗುತ್ತದೆ.

ಹಾಸುಗಲ್ಲಿನ ಪಾಠ ನನಗೆ ಸಿಕ್ಕಿದ್ದು ಸುಂಟಿಕೊಪ್ಪ ಹತ್ತಿರ. ಕಾಫಿ ಕಂಟೇನರ್ ಹೊತ್ತ 40 ಅಡಿ ಟ್ರೇಲರ್, ಹಿಂದಿನ ಎಡ ಹಬ್ ಜಾಮ್. ಹಿಂದಿನ ರಾತ್ರಿ ಮಳೆ ಬಂದಿತ್ತು. ರಸ್ತೆ ಪಕ್ಕದ ಕೆಂಪು ಮಣ್ಣಿನ ಮೇಲೆ ಒಂದು ಹಾಸುಗಲ್ಲು ಇಟ್ಟು ಅದರ ಮೇಲೆ ಜಾಕಿ ಕೊಟ್ಟವನು ನಾನೇ. ಎರಡೂ ಚಕ್ರ ಬಿಚ್ಚಿದೆವು. ಹೆಲ್ಪರ್ ಹುಡುಗ ಬ್ರೇಕ್ ಡ್ರಮ್ ಹಿಂದೆ ಕೈ ಹಾಕಿದ್ದ, ಸ್ಪ್ಯಾನರ್ ಬೇಕಾಗಿ ಕೈ ಹೊರಗೆ ತೆಗೆದು ಈಚೆ ತಿರುಗಿದ. ಆಗ ಕಲ್ಲಿನ ಒಂದು ಅಂಚು ಮಣ್ಣಿಗೆ ಇಳಿಯಿತು. ಏನೂ ಸದ್ದಿಲ್ಲ. ಜಾಕಿ ನಿಧಾನವಾಗಿ ರಸ್ತೆ ಕಡೆಗೆ ವಾಲಿತು, ಆಮೇಲೆ ಚಂಗನೆ ಹಾರಿತು. ಗಾಡಿ ಅರ್ಧ ಅಡಿ ಕೆಳಗೆ ಬಂದು ನಿಂತಿತು, ಯಾಕೆಂದರೆ ಬಿಚ್ಚಿದ ಚಕ್ರವನ್ನು ಮೊದಲೇ ಚಾಸಿ ಕೆಳಗೆ ಮಲಗಿಸಿದ್ದೆವು. ಹುಡುಗ ಏನೂ ಮಾತಾಡಲಿಲ್ಲ, ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಅವತ್ತು ಅವನ ಅಮ್ಮನಿಗೆ ಏನು ಹೇಳಬೇಕಾಗಿತ್ತು ಅಂತ ಈಗಲೂ ಒಮ್ಮೊಮ್ಮೆ ನೆನಪಾಗಿ ನಿದ್ದೆ ಹೋಗುತ್ತದೆ.

ಅದಕ್ಕೇ ಹೇಳುವುದು: ಜಾಕಿ ಇರುವುದು ಎತ್ತಲು, ಹಿಡಿದುಕೊಳ್ಳಲು ಅಲ್ಲ. ಹಿಡಿದುಕೊಳ್ಳಲು ಸ್ಟ್ಯಾಂಡ್ ಬೇಕು, ಇಲ್ಲ ಮರದ ಅಟ್ಟಿ ಬೇಕು. ಬರೀ ಜಾಕಿ ಮೇಲೆ ನಿಂತ ಗಾಡಿಯ ಕೆಳಗೆ ಕೈ, ಕಾಲು, ತಲೆ ಯಾವುದೂ ಹೋಗಬಾರದು. ಒಂದು ನಿಮಿಷದ ಕೆಲಸ ಅಂದರೂ ಹೋಗಬಾರದು.

ಗಾಡಿ ನಿಲ್ಲಿಸುವ ಕ್ರಮ ಹೀಗೆ. ಸಮತಟ್ಟು ಜಾಗ ಸಿಗುವವರೆಗೆ ನಿಧಾನವಾಗಿ ತನ್ನಿ. ಮುಂದಿನ ಪುಲ್ಲರ್ (ಟ್ರೇಲರ್ ಎಳೆಯುವ ಇಂಜಿನ್ ಗಾಡಿ), ಹಿಂದಿನ ಟ್ರೇಲರ್ ಒಂದೇ ಗೆರೆಯಲ್ಲಿ ನೇರ ಇರಲಿ, ಮುರಿದುಕೊಂಡು ನಿಂತ ಗಾಡಿಗೆ ಜಾಕಿ ಕೊಟ್ಟರೆ ಎತ್ತುವಾಗ ಪಕ್ಕಕ್ಕೆ ಎಳೆಯುತ್ತದೆ. ಪುಲ್ಲರ್ ಬಿಚ್ಚದೆ ಕೆಲಸ ಮಾಡುವುದೇ ಒಳ್ಳೆಯದು. ಬಿಚ್ಚಲೇಬೇಕಾದರೆ ಟ್ರೇಲರ್‌ನ ಮುಂದಿನ ಕಾಲುಗಳನ್ನು ಮಾತ್ರ ನಂಬಬೇಡಿ. ಅವು ಇರುವುದು ನಿಂತ ಗಾಡಿಯನ್ನು ಹೊರಲು. ಹಿಂದೆ ಎತ್ತಿದಾಗ ಭಾರ ಮುಂದೆ ಸರಿಯುತ್ತದೆ, ಮೂತಿ ಕೆಳಗೆ ಬೀಳಬಹುದು. ಕಿಂಗ್‌ಪಿನ್ (ಪುಲ್ಲರ್‌ಗೆ ಟ್ರೇಲರ್ ಕೊಂಡಿಯಾಗುವ ಗೂಟ) ಹತ್ತಿರ ಮೂತಿಯ ಕೆಳಗೆ ಒಂದು ಜೊತೆ ಸ್ಟ್ಯಾಂಡ್ ಕೊಡಿ.

ಇಂಜಿನ್ ಆಫ್ ಮಾಡಿ, ಕೀ ಕೆಳಗೆ ಕೆಲಸ ಮಾಡುವವನ ಜೇಬಿನಲ್ಲಿರಲಿ. ಡ್ರೈವರ್ ಜೇಬಿನಲ್ಲಿ ಅಲ್ಲ. ಆಮೇಲೆ ಎತ್ತದೇ ಇರುವ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಅಡ್ಡ ಕೊಡಿ. ಉರುಟು ಕಲ್ಲು ಬೇಡ, ಇಳಿಜಾರಾಗಿ ಕೊಯ್ದ ಮರದ ತುಂಡು ಇರಲಿ. "ಹ್ಯಾಂಡ್ ಬ್ರೇಕ್ ಹಾಕಿದ್ದೀನಲ್ಲಣ್ಣ" ಅನ್ನುತ್ತಾರೆ ಹುಡುಗರು. ಹಬ್ ತಿರುಗಿಸಿ ನೋಡಬೇಕು, ಡ್ರಮ್ ತೆಗೆಯಬೇಕು ಅಂದರೆ ಆ ಬ್ರೇಕ್ ಬಿಡಲೇಬೇಕು ಅಲ್ವಾ? ಬಿಟ್ಟ ಮೇಲೆ ಗಾಡಿ ಹಿಡಿದಿರುವುದು ಆ ಮರದ ತುಂಡುಗಳು ಮಾತ್ರ. ಇನ್ನೊಂದು ವಿಷಯ, ಹಳೇ ಟ್ರೇಲರ್‌ಗಳಲ್ಲಿ ಸ್ಪ್ರಿಂಗ್ ಇಲ್ಲದ ಬ್ರೇಕ್ ಬೂಸ್ಟರ್ (ಗಾಳಿಯಿಂದ ಬ್ರೇಕ್ ತಳ್ಳುವ ಡಬ್ಬಿ) ಇರುತ್ತದೆ. ಅಲ್ಲಿ ಬ್ರೇಕ್ ಹಿಡಿದಿರುವುದು ಟ್ಯಾಂಕಿನ ಗಾಳಿಯಿಂದ. ಗಾಳಿ ಸೋರುತ್ತಾ ಹೋದ ಹಾಗೆ ಬ್ರೇಕೂ ಬಿಡುತ್ತದೆ. ಬೆಳಿಗ್ಗೆ ಹಿಡಿದದ್ದು ಮಧ್ಯಾಹ್ನ ಊಟದ ಹೊತ್ತಿಗೆ ಇರುವುದಿಲ್ಲ. ಸ್ಪ್ರಿಂಗ್ ಇರುವ ಬೂಸ್ಟರ್ ಆದರೆ ಡ್ರಮ್ ಬಿಡಿಸಲು ಅದರದೇ ಉದ್ದ ಬೋಲ್ಟ್ ಹಾಕಿ ಸ್ಪ್ರಿಂಗ್ ಎಳೆದು ಕಟ್ಟಿ. ಬೂಸ್ಟರ್‌ನ ಪಟ್ಟಿ ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಒಳಗಿನ ಸ್ಪ್ರಿಂಗ್ ಗುಂಡಿನ ಹಾಗೆ ಬರುತ್ತದೆ.

ಮಡಿಕೇರಿಯಿಂದ ಇಳಿದು ಬಂದ ಗಾಡಿಯ ಹಬ್ ಮುಟ್ಟಲು ಆಗುವುದಿಲ್ಲ. ತಣ್ಣೀರು ಸುರಿಯಬೇಡಿ, ಡ್ರಮ್ ಬಿರಿಯುತ್ತದೆ. ಟಯರ್ ಕೂಡ ಒಳಗೆ ಕಾದಿರುತ್ತದೆ, ಅದರ ಎದುರು ನಿಲ್ಲಬೇಡಿ. ಅರ್ಧ ಗಂಟೆ, ಒಂದು ಗಂಟೆ ಬಿಡಿ. ಚಕ್ರದ ಡಿಸ್ಕ್ ಬಿರಿದಿದ್ದರೆ, ಟಯರ್ ಗಾಳಿ ಇಲ್ಲದೆ ಓಡಿ ಬಂದಿದ್ದರೆ ನಟ್ಟು ಮುಟ್ಟುವ ಮೊದಲು ಒಳಗಿನದು ಹೊರಗಿನದು ಎರಡರ ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಖಾಲಿ ಮಾಡಿ. ಟಯರನ್ನು ಲಾಕ್ ರಿಂಗ್ ಹಿಡಿದಿರುವ ಚಕ್ರಕ್ಕಂತೂ ಇದನ್ನು ಮರೆಯಲೇಬಾರದು.

ಇನ್ನು ಎತ್ತುವುದು. ನಟ್ಟುಗಳನ್ನು ಚಕ್ರ ನೆಲದಲ್ಲಿರುವಾಗಲೇ ಅರ್ಧ ಸುತ್ತು ಸಡಿಲ ಮಾಡಿ. ಎತ್ತಿದ ಮೇಲೆ ಪೈಪ್ ಹಾಕಿ ಜಗ್ಗಿದರೆ ಇಡೀ ಗಾಡಿ ಅಲ್ಲಾಡುತ್ತದೆ. ಜಾಕಿ ಕೊಡುವುದು ಆಕ್ಸಲ್ ಕೆಳಗೆ, ಸ್ಪ್ರಿಂಗ್ ಕೂರುವ ಜಾಗಕ್ಕೆ ಆದಷ್ಟು ಹತ್ತಿರ. ಆಕ್ಸಲ್ ಮಧ್ಯಕ್ಕೆ ಕೊಟ್ಟರೆ ಕೊಳವೆ ಬಗ್ಗುತ್ತದೆ, ಆಮೇಲೆ ಟಯರ್ ಒಂದೇ ಕಡೆ ಸವೆಯುತ್ತಾ ಹೋಗುತ್ತದೆ, ಕಾರಣ ಯಾರಿಗೂ ಗೊತ್ತಾಗುವುದಿಲ್ಲ. ಆಕ್ಸಲನ್ನು ಸ್ಪ್ರಿಂಗಿಗೆ ಬಿಗಿದ ಯು ಬೋಲ್ಟಿನ ನಟ್ಟಿನ ಮೇಲೆ, ಬೂಸ್ಟರ್ ಮೇಲೆ, ಬ್ರೇಕ್ ಶಾಫ್ಟ್ ಮೇಲೆ ಕೊಡಬೇಡಿ. ಚೌಕ ಆಕ್ಸಲ್ ಆದರೆ ಜಾಕಿಯ ತಲೆ ಚೆನ್ನಾಗಿ ಕೂರುತ್ತದೆ. ಉರುಟು ಆಕ್ಸಲ್ ಆದರೆ ಜಾರುತ್ತದೆ. ಅದಕ್ಕೆ ಬಟ್ಟಲಿನ ಹಾಗೆ ಕೊರೆದ ಒಂದು ಕಬ್ಬಿಣದ ತುಂಡನ್ನು ಲೇತ್‌ನಲ್ಲಿ ಮಾಡಿಸಿ ಇಟ್ಟುಕೊಳ್ಳಿ. ಗ್ರೀಸ್, ಕೆಸರು ಒರೆಸಿ. ಜಾಕಿ ನೆಟ್ಟಗೆ ನಿಂತಿದೆಯೇ ಅಂತ ಎದುರಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ನೋಡಿ.

ಭಾರ ಜಾಕಿಯ ಮೇಲೆ ಬಂದ ಕೂಡಲೇ ಪಂಪ್ ನಿಲ್ಲಿಸಿ. ಟಯರ್ ಇನ್ನೂ ನೆಲ ಬಿಟ್ಟಿರಬಾರದು. ಜಾಕಿಯಿಂದ ಮೇಲೆ ಬರುವ ಉರುಳೆಯ ಮೇಲೆ, ಜಾಕಿ ಬಾಯಿಯ ಅಂಚಿಗೆ ಸರಿಯಾಗಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಪ್ಲೇಟ್ ನಾಲ್ಕೂ ಮೂಲೆಯಲ್ಲಿ ಮಣ್ಣಿಗಿಂತ ಎಷ್ಟು ಮೇಲಿದೆ ನೋಡಿಕೊಳ್ಳಿ. ಹತ್ತು ನಿಮಿಷ ಬಿಟ್ಟು ಬನ್ನಿ, ಟೀ ಕುಡಿದು ಬಂದರೂ ಆಯಿತು. ಗೆರೆ ಒಳಗೆ ಹೋಗಿದ್ದರೆ ಜಾಕಿಯ ಸೀಲ್ ಹೋಗಿದೆ, ಬದಲಾಯಿಸಿ. ಗೆರೆ ಹಾಗೇ ಇದ್ದು ಪ್ಲೇಟ್‌ನ ಒಂದು ಮೂಲೆ ಇಳಿದಿದ್ದರೆ ನೆಲ ಸರಿಯಿಲ್ಲ, ಇಳಿಸಿ ಮತ್ತೆ ಹಾಸಿ. ಹತ್ತು ನಿಮಿಷ ಜಾಸ್ತಿ ಅನ್ನಿಸಬಹುದು. ಸುಂಟಿಕೊಪ್ಪದಲ್ಲಿ ನಾನು ಇದನ್ನು ಮಾಡಿದ್ದರೆ ಕಲ್ಲು ಇಳಿಯುವುದು ಮೊದಲೇ ಕಾಣುತ್ತಿತ್ತು.

ಸರಿ ಇದ್ದರೆ ಮುಂದೆ ಎತ್ತಿ. ಟಯರ್ ನೆಲದಿಂದ ಎರಡು ಬೆರಳು ಬಿಟ್ಟರೆ ಸಾಕು. ಎತ್ತುತ್ತಾ ಹೋದ ಹಾಗೆ ಪಕ್ಕದಲ್ಲಿ ಸ್ಟ್ಯಾಂಡ್ ಅಥವಾ ಮರ ಏರಿಸುತ್ತಾ ಬನ್ನಿ. ಆಮೇಲೆ ಜಾಕಿ ಸ್ವಲ್ಪ ಇಳಿಸಿ ಭಾರ ಸ್ಟ್ಯಾಂಡ್ ಮೇಲೆ ಕೂರಿಸಿ. ಜಾಕಿ ತೆಗೆಯಬೇಡಿ, ತಾಗಿಕೊಂಡ ಹಾಗೆ ಅಲ್ಲೇ ಇರಲಿ. ಹೊರಗೆ ನಿಂತು ಟ್ರೇಲರ್ ಪಕ್ಕವನ್ನು ಹೆಗಲು ಕೊಟ್ಟು ಜೋರಾಗಿ ನೂಕಿ ನೋಡಿ. ಅಲ್ಲಾಡಿದರೆ ಒಳಗೆ ಹೋಗಬೇಡಿ. ಬಿಚ್ಚಿದ ಚಕ್ರ ಚಾಸಿ ಕೆಳಗೆ ಮಲಗಿಸುವುದನ್ನು ಮರೆಯಬೇಡಿ.

ಹೊರಗಿನ ಟಯರ್ ಮಾತ್ರ ಬದಲಿಸುವುದಾದರೆ ಡ್ರೈವರ್‌ಗಳು ಒಳಗಿನ ಟಯರನ್ನು ಅಗಲವಾದ ಹಲಗೆಯ ಮೇಲೆ ಹತ್ತಿಸಿ ಹೊರಗಿನದನ್ನು ನೆಲದಿಂದ ಬಿಡಿಸುತ್ತಾರೆ. ಒಳಗಿನ ಟಯರ್ ಗಟ್ಟಿ ಇದ್ದರೆ ಇದು ಒಳ್ಳೆಯ ಉಪಾಯ, ಜಾಕಿಯೇ ಬೇಡ. ಅಡ್ಡ ಕೊಡುವುದು ಮಾತ್ರ ಬೇಕೇ ಬೇಕು.

ಆಕ್ಸಲ್ ಹೊರಗೆ ತೆಗೆಯುವುದು ಬೇರೆಯೇ ಕೆಲಸ. ಆಗ ಸ್ಟ್ಯಾಂಡ್ ಆಕ್ಸಲ್ ಕೆಳಗೆ ಅಲ್ಲ, ಚಾಸಿಯ ಎರಡು ಉದ್ದ ತೊಲೆಗಳ ಕೆಳಗೆ ಬರಬೇಕು, ಸ್ಪ್ರಿಂಗ್ ಹಿಡಿದಿರುವ ಬ್ರಾಕೆಟ್ ಹತ್ತಿರ. ತೊಲೆಯ ನಟ್ಟನಡುವೆ ಕೂರಬೇಕು, ಅಂಚಿಗೆ ಕೂತರೆ ಅಂಚು ಮಡಚುತ್ತದೆ. ಅಡ್ಡ ಪಟ್ಟಿಗಳ ಕೆಳಗೆ ಕೊಡಬೇಡಿ. ಎರಡು ಬದಿ ಸ್ವಲ್ಪ ಸ್ವಲ್ಪವೇ ಎತ್ತಿ, ಈ ಕಡೆ ಒಂದಿಂಚು, ಆ ಕಡೆ ಒಂದಿಂಚು. ಯು ಬೋಲ್ಟ್ ಬಿಚ್ಚುವ ಮೊದಲು ಆಕ್ಸಲ್‌ಗೆ ಬೇರೆ ಆಸರೆ ಕೊಡಿ. ಹಬ್, ಡ್ರಮ್ ಸೇರಿ ಅದು 300 ಕೆಜಿಗಿಂತ ಜಾಸ್ತಿ, ಮೂರು ಜನ ಹಿಡಿದುಕೊಳ್ಳುವ ತೂಕ ಅಲ್ಲ. ಕೊನೆಯ ಬೋಲ್ಟ್ ಬಿಟ್ಟ ಕೂಡಲೇ ಉರುಳುತ್ತದೆ. ಗಾಳಿ ಬಲೂನ್ ಸಸ್ಪೆನ್ಷನ್ ಇರುವ ಟ್ರೇಲರ್ ಆದರೆ ಮೊದಲು ಬಲೂನ್ ಗಾಳಿ ಪೂರ್ತಿ ಬಿಡಿ, ಇಲ್ಲದಿದ್ದರೆ ನಡುವೆ ಗಾಳಿ ಹೋಗಿ ಚಾಸಿ ಕೂತುಬಿಡುತ್ತದೆ.

ಘಾಟಿಯಲ್ಲಿ ನಿಂತರೆ? ಸಂಪಾಜೆ ಇಳಿಜಾರಿನಲ್ಲಿ, ಮಾಕುಟ್ಟದ ತಿರುವಿನಲ್ಲಿ ಲೋಡ್ ಗಾಡಿಗೆ ಜಾಕಿ ಕೊಡಬೇಡಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಜಾರಿದ ಮೇಲೆ ಹಲವು ಕಡೆ ರಸ್ತೆಯ ಅಂಚನ್ನು ಹೊಸದಾಗಿ ಮಣ್ಣು ತುಂಬಿ ಕಟ್ಟಿದ್ದಾರೆ. ಆ ಅಂಚು ಟ್ರೇಲರ್‌ನ ಭಾರ ಒಂದೇ ಕಡೆ ತಡೆಯುವ ಜಾಗ ಅಲ್ಲ. ಮುಂದೆ ಹಿಂದೆ ತ್ರಿಕೋನದ ಬೋರ್ಡ್ ಇಡಿ, ತಿರುವಿನ ಆಚೆಗೂ ಕಾಣುವ ಹಾಗೆ ಸೊಪ್ಪು ಮುರಿದು ಹಾಕಿ, ಚಕ್ರಕ್ಕೆ ಅಡ್ಡ ಕೊಟ್ಟು ಕ್ರೇನ್ ಕರೆಸಿ. ದುಡ್ಡು ಹೋಗುತ್ತದೆ, ನಿಜ. ಹೋಗಲಿ.

ಇಳಿಸುವಾಗ ಅವಸರ ಬರುತ್ತದೆ, ಹೊತ್ತಾಗಿರುತ್ತದೆ, ಹೊಟ್ಟೆ ಹಸಿದಿರುತ್ತದೆ. ಕೆಳಗೆ ಯಾರೂ ಇಲ್ಲ ಅಂತ ಬಗ್ಗಿ ನೋಡಿ, ಹೆಸರು ಹಿಡಿದು ಕೂಗಿ. ಜಾಕಿ ಒಂದು ಚೂರು ಎತ್ತಿ, ಸ್ಟ್ಯಾಂಡನ್ನು ಸರಳಿನಿಂದ ಎಳೆದುಕೊಳ್ಳಿ, ಕೈ ಹಾಕಬೇಡಿ. ಜಾಕಿಯ ವಾಲ್ವ್ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಚಕ್ರ ನೆಲಕ್ಕೆ ಬಂದ ಮೇಲೆ ನಟ್ಟುಗಳನ್ನು ಎದುರುಬದುರಾಗಿ ಬಿಗಿ ಮಾಡಿ, ಕಂಪನಿ ಪುಸ್ತಕದಲ್ಲಿ ಹೇಳಿದಷ್ಟು, ಟಾರ್ಕ್ ಸ್ಪ್ಯಾನರ್‌ನಲ್ಲಿ. ಬೂಸ್ಟರ್‌ಗೆ ಹಾಕಿದ ಬೋಲ್ಟ್ ತೆಗೆದಿದ್ದೀರಾ ನೋಡಿ, ಮರೆತರೆ ಆ ಚಕ್ರಕ್ಕೆ ಹ್ಯಾಂಡ್ ಬ್ರೇಕ್ ಇರುವುದಿಲ್ಲ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ನಟ್ಟು ಮತ್ತೆ ಬಿಗಿ ನೋಡಬೇಕು. ಇಲ್ಲಿಂದ ಮಂಗಳೂರಿಗೆ ಹೊರಟ ಡ್ರೈವರ್‌ಗಳಿಗೆ ನಾನು ಹೇಳುವುದು, ಮಡಿಕೇರಿಯಲ್ಲಿ ಘಾಟಿ ಇಳಿಯುವ ಮೊದಲು ಒಮ್ಮೆ ನಿಲ್ಲಿಸಿ ನಟ್ಟಿಗೆ ಪಾನ (ಸ್ಪ್ಯಾನರ್) ಹಾಕಿ ನೋಡಿ, ಸುಳ್ಯದಲ್ಲಿ ಇನ್ನೊಮ್ಮೆ. ಹಬ್ ಮುಟ್ಟದೆ ಹತ್ತಿರ ಕೈ ಹಿಡಿದೂ ನೋಡಿ, ಉಳಿದ ಹಬ್‌ಗಳಿಗಿಂತ ಅದೊಂದೇ ಜಾಸ್ತಿ ಬಿಸಿ ಇದ್ದರೆ ಅಲ್ಲೇ ನಿಲ್ಲಿಸಿ ಫೋನ್ ಮಾಡಿ.