ರೋಬೊಕಾಲ್: ಕರೆ ಮಾಡಿಸಿದವರನ್ನು ಹಿಡಿಯುವುದು ಹೇಗೆ?

ಅಮೆರಿಕದಲ್ಲಿ, ಯಂತ್ರವೇ ಡಯಲ್ ಮಾಡಿ ಧ್ವನಿಮುದ್ರಿತ ಮಾತು ಕೇಳಿಸುವ ರೋಬೊಕಾಲ್‌ಗಳಿಂದ ಬೇಸತ್ತವರಲ್ಲಿ ಬಹಳ ಮಂದಿ ಪರದೆಯ ಮೇಲೆ ಕಂಡ ಸಂಖ್ಯೆಯನ್ನೇ ಅಪರಾಧಿಯೆಂದು ನಂಬಿ ದೂರು ಬರೆದು, ಅದು ಮುಂದೆ ಸಾಗದಿದ್ದಾಗ ಕೈಚೆಲ್ಲುತ್ತಾರೆ. ಆ ಸಂಖ್ಯೆ ಎಷ್ಟೋ ಸಲ ನಕಲಿಯಾಗಿರುತ್ತದೆ. ತಿರುಗಿ ಕರೆದರೆ ಏನೂ ಅರಿಯದ ಯಾರೋ ಗೃಹಸ್ಥರು ಸಿಗುತ್ತಾರೆ.

ಮೊದಲು ನಿಮ್ಮ ಸಂಖ್ಯೆಯನ್ನು ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ನಿನ ‘ಡು ನಾಟ್ ಕಾಲ್’ (ಮಾರಾಟದ ಕರೆ ಬೇಡ) ಪಟ್ಟಿಗೆ ಉಚಿತವಾಗಿ ಸೇರಿಸಿ. 31 ದಿನಗಳ ಬಳಿಕವೂ ಮಾರಾಟದ ಕರೆ ಬಂದರೆ ದೂರು ಕೊಡಬಹುದು.

ಕರೆ ಮಾಡಿಸಿದವರ ಗುರುತು ಹಿಡಿಯುವುದೇ ಎಲ್ಲಕ್ಕಿಂತ ಕಷ್ಟದ ಹಂತ. ಧ್ವನಿಮುದ್ರಿತ ಮಾತು ಕೇಳಿದೊಡನೆ ಕರೆ ಕತ್ತರಿಸಬೇಡಿ. ‘ಪಟ್ಟಿಯಿಂದ ಹೊರಬರಲು ಎರಡನ್ನು ಒತ್ತಿ’ ಎಂದರೆ ಒತ್ತಲೂ ಬೇಡಿ, ಏಕೆಂದರೆ ಈ ಸಂಖ್ಯೆಯಲ್ಲಿ ಕಿವಿಗೊಡುವವರು ಇದ್ದಾರೆಂಬುದನ್ನಷ್ಟೇ ಅದು ಅವರಿಗೆ ತಿಳಿಸುತ್ತದೆ. ಸಂದೇಶವನ್ನು ಕೊನೆಯವರೆಗೆ ಕೇಳಿ, ಅದರಲ್ಲಿ ಹೇಳಿದ ಕಂಪನಿಯ ಹೆಸರು, ಜಾಲತಾಣ, ತಿರುಗಿ ಕರೆಯಲು ಕೊಟ್ಟ ಸಂಖ್ಯೆ, ಮಾರುತ್ತಿರುವ ಸರಕು ಎಲ್ಲವನ್ನೂ ದಿನಾಂಕ ಮತ್ತು ನಿಮಿಷದ ಸಮೇತ ಅಲ್ಲೇ ಬರೆದುಕೊಳ್ಳಿ. ವಾಯ್ಸ್‌ಮೇಲ್ ಅಳಿಸಬೇಡಿ, ಕರೆಪಟ್ಟಿಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಮನುಷ್ಯರೇ ಮಾತಿಗೆ ಬಂದರೆ ಯಾವ ಕಂಪನಿಯ ಪರವಾಗಿ ಕರೆಯುತ್ತಿದ್ದಾರೆಂದು ಕೇಳಿ, ಆದರೆ ನಿಮ್ಮ ವಿವರವನ್ನು ಮಾತ್ರ ಕೊಡಬೇಡಿ. ಆ ಮಾತುಕತೆಯನ್ನು ಧ್ವನಿಮುದ್ರಿಸಿಕೊಳ್ಳಲು ಕ್ಯಾಲಿಫೋರ್ನಿಯದಂಥ ರಾಜ್ಯಗಳಲ್ಲಿ ಇಬ್ಬರ ಒಪ್ಪಿಗೆಯೂ ಬೇಕಾದ್ದರಿಂದ ಕೈಬರಹದ ಟಿಪ್ಪಣಿಯೇ ಕ್ಷೇಮ. ಕರೆಗಳನ್ನು ಸದ್ದಿಲ್ಲದೆ ತಡೆಯುವ ಆ್ಯಪ್‌ಗಳಿಗೆ ಹಣ ಕೊಡುವುದು ನನಗೆ ಸಮ್ಮತವಲ್ಲ. ಅವು ಕಿರಿಕಿರಿಯ ಜೊತೆಗೆ ಸಾಕ್ಷ್ಯವನ್ನೂ ಇಲ್ಲವಾಗಿಸುತ್ತವೆ.

ಹೆಸರು ಸಿಕ್ಕಿದರೆ ದಾರಿ ಸುಗಮ. 1991ರ ದೂರವಾಣಿ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆಯಿಲ್ಲದೆ ಬಂದ ಕಾನೂನುಬಾಹಿರ ರೋಬೊಕಾಲ್ ಒಂದಕ್ಕೆ 500 ಡಾಲರ್, ಬೇಕೆಂದೇ ಮಾಡಿದ್ದರೆ 1,500 ಡಾಲರ್‌ವರೆಗೆ ಪರಿಹಾರ ಕೇಳಿ ನಾಲ್ಕು ವರ್ಷಗಳೊಳಗೆ ದಾವೆ ಹೂಡಬಹುದು. ಸಣ್ಣ ಮೊತ್ತದ ವ್ಯಾಜ್ಯಗಳ ಸ್ಮಾಲ್ ಕ್ಲೇಮ್ಸ್ ನ್ಯಾಯಾಲಯಕ್ಕೆ ವಕೀಲರಿಲ್ಲದೆಯೂ ಹೋಗಬಹುದು. ಕೃತಕ ಬುದ್ಧಿಮತ್ತೆ ಸೃಷ್ಟಿಸಿದ ಧ್ವನಿಗೂ ಈ ಕಾಯ್ದೆ ಅನ್ವಯಿಸುತ್ತದೆಂದು ದೂರಸಂಪರ್ಕ ನಿಯಂತ್ರಕ ಸಂಸ್ಥೆಯಾದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ 2024ರಲ್ಲಿ ಸ್ಪಷ್ಟಪಡಿಸಿದೆ.

ಹೆಸರು ಸಿಗದಿದ್ದರೂ ಕಮ್ಯುನಿಕೇಷನ್ಸ್ ಕಮಿಷನ್ನಿಗೆ ದೂರು ಕೊಡಿ, ಏಕೆಂದರೆ ಕರೆ ಹಾದುಬಂದ ಫೋನ್ ಕಂಪನಿಗಳ ಹೊಣೆ ಅಲ್ಲಿ ವಿಚಾರಣೆಗೆ ಬರುತ್ತದೆ. 2024ರ ಜನವರಿಯಲ್ಲಿ ನ್ಯೂ ಹ್ಯಾಂಪ್‌ಶೈರ್ ಮತದಾರರಿಗೆ ಬೈಡನ್ ಅವರ ನಕಲಿ ಧ್ವನಿಯ ಕರೆಗಳು ಬಂದಾಗ, ಅವನ್ನು ಸರಿಯಾಗಿ ಪರಿಶೀಲಿಸದೆ ಅಸಲಿಯೆಂದು ದೃಢೀಕರಿಸಿ ಸಾಗಿಸಿದ ಲಿಂಗೊ ಟೆಲಿಕಾಂ ಹತ್ತು ಲಕ್ಷ ಡಾಲರ್ ದಂಡ ತೆರಲು ಒಪ್ಪಬೇಕಾಯಿತು. ಕರೆಯ ಜಾಡನ್ನು ಒಂದು ಕಂಪನಿಯಿಂದ ಅದರ ಹಿಂದಿನ ಕಂಪನಿಗೆ ಹಿಡಿದು ಹೋಗಲು ಬೇಕಾದುದು ಪರದೆಯಲ್ಲಿ ಕಂಡ ಸಂಖ್ಯೆ, ನಿಮ್ಮ ಸಂಖ್ಯೆ, ದಿನಾಂಕ ಮತ್ತು ಸಮಯ. ‘ಕಳೆದ ವಾರ ಯಾವಾಗಲೋ’ ಎಂದು ಬರೆಯದೆ, ಕರೆ ಬಂದ ದಿನವೇ ಸಮಯವಲಯದೊಂದಿಗೆ ದೂರು ಸಲ್ಲಿಸಿ, ಅದರ ಸಂಖ್ಯೆಯನ್ನು ಟಿಪ್ಪಣಿಯ ಪಕ್ಕದಲ್ಲೇ ಬರೆದಿಡಿ.